ಲ್ಯಾಬಿನಿಂದ ವಾರ್ಡಿಗೆ ಎಷ್ಟು ಹೆಜ್ಜೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದವು. ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡಬೇಕಾ, ಮಾಡಿದರೆ ಎಲ್ಲಿ, ಮುಂದೇನು ಅಂತ. ಆಸ್ಪತ್ರೆಯ ಯಂತ್ರಗಳನ್ನು ರೂಪಿಸುವ, ಪರೀಕ್ಷಿಸುವ, ನೋಡಿಕೊಳ್ಳುವ ಓದು ಇದು. ರಾಣೆಬೆನ್ನೂರಿನ ಪತ್ರ ನನ್ನನ್ನು ಎರಡು ದಿನ ಬಿಡಲಿಲ್ಲ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮಸ್ತೆ ಮೇಡಂ. ಬೆಂಗಳೂರಿನಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ ಎರಡು ವರ್ಷದಿಂದ ಒಂದು ಖಾಸಗಿ ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿದ್ದೇನೆ. ಸಂಬಳ 18,000. ಕ್ಲಾಸ್‌ಮೇಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಫ್ಟ್‌ವೇರ್ ಸೇರಿದರು. ನನಗೆ ಮಾಸ್ಟರ್ಸ್ ಮಾಡುವ ಆಸೆ. ಎಂ.ಟೆಕ್ ಪ್ರವೇಶಕ್ಕೆ ಗೇಟ್ ಪರೀಕ್ಷೆ ಬರೆಯಲಾ, ಸಾಲ ಮಾಡಿ ಜರ್ಮನಿಗೆ ಹೋಗಲಾ? ಅಪ್ಪನದು ಬೀಜ, ಗೊಬ್ಬರದ ಅಂಗಡಿ. ತಮ್ಮ ಇನ್ನೂ ಓದುತ್ತಿದ್ದಾನೆ. ಮನೆಯಲ್ಲಿ ಮದುವೆ ಮಾತು ಶುರುವಾಗಿದೆ. ಈ ಕೆಲಸವೂ ಬೇಜಾರಾಗಿದೆ. ದಿನವೂ ಅದೇ ಚೆಕ್‌ಲಿಸ್ಟ್, ಅದೇ ಕೇಬಲ್, ಅದೇ ಸ್ಟಿಕರ್. ರಾತ್ರಿ ಪಾಳಿಯಲ್ಲಿ ಐಸಿಯು ಮಾನಿಟರ್ ಸುಮ್ಸುಮ್ನೆ ಕೂಗುತ್ತದೆ, ಹೋಗಿ ನೋಡಿದರೆ ಎಲೆಕ್ಟ್ರೋಡ್ ಒಣಗಿರುತ್ತದೆ, ಸಿಸ್ಟರ್‌ಗಳು ಬೇಸತ್ತು ಅಲಾರಂ ಮ್ಯೂಟ್ ಮಾಡಿಬಿಡುತ್ತಾರೆ. ಹೀಗೇ ಎರಡು ವರ್ಷ ಹೋಯಿತು. ದಾರಿ ತೋರಿಸಿ.
– ಎಸ್., ರಾಣೆಬೆನ್ನೂರು

ಉತ್ತರ: ತಂಗಿ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಬೇಜಾರು ಅಂತ ಬರೆಯುತ್ತಾ ಬರೆಯುತ್ತಾ ನೀವು ಒಂದು ಮಾತು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಮಾನಿಟರ್ ಸುಮ್ನೆ ಕೂಗುತ್ತದೆ, ಸಿಸ್ಟರ್‌ಗಳು ಮ್ಯೂಟ್ ಮಾಡುತ್ತಾರೆ ಅಂತ. ಅದನ್ನು ಪೆನ್ಸಿಲ್ ತಗೊಂಡು ಗೆರೆ ಎಳೆದಿಟ್ಟಿದ್ದೇನೆ. ಗೇಟ್, ಜರ್ಮನಿ, ಸಾಲ ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಆದರೆ ನನಗೆ ಆ ಮಾತೇ ದೊಡ್ಡದಾಗಿ ಕಾಣಿಸಿತು. ಯಾಕೆ ಅಂತ ಹೇಳಬೇಕಾದರೆ ನನ್ನದೊಂದು ಕತೆ ಹೇಳಬೇಕು.

2006ರ ಮಳೆಗಾಲ. ನಾನಾಗ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಕಾಮಾಲೆ ಬಂದ ನಾಲ್ಕು ದಿನದ ಕೂಸನ್ನು ಫೋಟೋಥೆರಪಿ ದೀಪದ ಕೆಳಗೆ ಮಲಗಿಸಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಮೇಲೆ ಆರು ನೀಲಿ ಟ್ಯೂಬ್, ಆರೂ ಉರಿಯುತ್ತಿದ್ದವು. ಒಂದು ಇಡೀ ದಿನ ಕಳೆದರೂ ಕಾಮಾಲೆ ತರುವ ರಕ್ತದಲ್ಲಿನ ಹಳದಿ ಅಂಶ, ಬಿಲಿರುಬಿನ್, ಇಳಿಯಲಿಲ್ಲ. ರಕ್ತ ಬದಲಿಸಬೇಕಾಗಬಹುದು ಅನ್ನುವ ಮಾತು ಬಂತು. ಮಕ್ಕಳ ಡಾಕ್ಟರ್ ನನ್ನನ್ನು ಕರೆಸಿದರು. 'ಸರ್, ಎಲ್ಲ ಟ್ಯೂಬ್ ಉರೀತಿವೆ, ಮೆಷಿನ್ ಸರಿ ಇದೆ' ಅಂದೆ. ಹಿಂದಿನ ವಾರವಷ್ಟೇ ಅದಕ್ಕೆ ಸರಿ ಇದೆ ಅಂತ ಸ್ಟಿಕರ್ ಅಂಟಿಸಿದವಳೂ ನಾನೇ. ಅವರು ಏನೂ ಅನ್ನಲಿಲ್ಲ. ಬೇರೆ ಊರಿಂದ ಬೆಳಕು ಅಳೆಯುವ ಮೀಟರ್ ತರಿಸಿ ಮಗುವಿನ ಹೊಟ್ಟೆಯ ಮಟ್ಟಕ್ಕೆ ಹಿಡಿದರು. ಏಳು ತೋರಿಸಿತು. ಆ ಮೀಟರಿನ ಲೆಕ್ಕದಲ್ಲಿ ಜೋರು ಕಾಮಾಲೆಗೆ ಕನಿಷ್ಠ ಮೂವತ್ತು ಬೇಕು.

ನಮ್ಮ ಕಣ್ಣಿಗೆ ನೀಲಿ ನೀಲಿಯಾಗೇ ಕಾಣುತ್ತದೆ. ಆದರೆ ಬಿಲಿರುಬಿನ್ ಹೀರಿಕೊಳ್ಳುವುದು ಮುಖ್ಯವಾಗಿ 460 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು. ಆ ಬೆಳಕು ಬಿದ್ದಾಗ ಅದರ ಆಕಾರ ಬದಲಾಗುತ್ತದೆ. ಲಿವರ್ ಕಷ್ಟಪಡದೆಯೇ ಅದು ಪಿತ್ತದಲ್ಲಿ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಟ್ಯೂಬ್ ಉರಿದ ಗಂಟೆಗಳು ಹೆಚ್ಚಾದಂತೆ ಆ ಬೆಳಕಿನ ಜೋರು ಇಳಿಯುತ್ತದೆ. ಎಷ್ಟು ಗಂಟೆ ಉರಿದಿವೆ ಅಂತ ನಾವ್ಯಾರೂ ಲೆಕ್ಕ ಇಟ್ಟಿರಲಿಲ್ಲ. ಜೊತೆಗೆ ಯಾರೋ ಸ್ಟ್ಯಾಂಡನ್ನು ಒಂದು ಮೊಳ ಮೇಲಕ್ಕೆ ಏರಿಸಿಟ್ಟಿದ್ದರು. ರಾತ್ರಿಯೇ ಹೊಸ ಟ್ಯೂಬ್ ಹಾಕಿದೆ, ಸ್ಟ್ಯಾಂಡ್ ಇಳಿಸಿದೆ, ಸುತ್ತ ಬಿಳಿ ಬಟ್ಟೆ ಕಟ್ಟಿದೆ. ಮೀಟರ್ 29ಕ್ಕೆ ಏರಿತು. ಮಾರನೇ ದಿನ ಸಂಜೆಗೆ ಬಿಲಿರುಬಿನ್ ಇಳಿಯಲು ಶುರುವಾಯಿತು. ಆ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತರು. ಅವರಿಗೆ ಒಳಗಿನ ವಿಷಯ ಏನೂ ಗೊತ್ತಿರಲಿಲ್ಲ.

ಮರುವರ್ಷ ನಾನು ಎಂ.ಟೆಕ್ ಸೇರಿದೆ. ಸಂಬಳ ಹೆಚ್ಚಾಗಲಿ ಅಂತಲ್ಲ. ಯಂತ್ರ ಉರಿಯುತ್ತಿದೆಯಾ ಅಂತ ನೋಡುವುದು ನನಗೆ ಗೊತ್ತಿತ್ತು, ಅದು ಮಗುವಿಗೆ ತಲುಪುತ್ತಿದೆಯಾ ಅಂತ ನೋಡುವುದು ಗೊತ್ತಿರಲಿಲ್ಲ. ಮಗಳಿಗೆ ಆಗ ಎರಡು ವರ್ಷ. ಅತ್ತೆಯವರು ನೋಡಿಕೊಂಡರು. ಮದುವೆಯಾದ ಮೇಲೆ ಓದು ಮುಗಿಯಿತು ಅಂದುಕೊಳ್ಳಬೇಡಿ. ಆದರೆ ಮಾತು ನಡೆಯುವಾಗಲೇ ಬಾಯಿ ಬಿಟ್ಟು ಹೇಳಿಬಿಡಿ, 'ನಾನು ಇನ್ನೂ ಎರಡು ವರ್ಷ ಓದುತ್ತೇನೆ' ಅಂತ. ಆಮೇಲೆ ಹೇಳಿದರಾಯಿತು ಅಂತ ಬಿಟ್ಟವರು ಪಟ್ಟ ಕಷ್ಟ ನಾನು ನೋಡಿದ್ದೇನೆ.

ಈಗ ನಿಮ್ಮ ಮಾನಿಟರ್ ವಿಷಯಕ್ಕೆ ಬರೋಣ. ಎಲೆಕ್ಟ್ರೋಡಿನ ಜೆಲ್ ಒಣಗಿದರೆ ಚರ್ಮಕ್ಕೂ ಅದಕ್ಕೂ ನಡುವಿನ ತಡೆ ಏರುತ್ತದೆ. ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಇಸಿಜಿ ಗೆರೆಯೊಳಗೆ ನುಗ್ಗುತ್ತದೆ. ರೋಗಿ ಮಗ್ಗಲು ಬದಲಿಸಿದರೂ ಗೆರೆ ಅಲ್ಲಾಡುತ್ತದೆ. ಮಾನಿಟರ್ ಅದನ್ನೇ ಹೃದಯದ ತೊಂದರೆ ಅಂತ ತಿಳಿದು ಕೂಗುತ್ತದೆ. ಹತ್ತು ಸಲ ಸುಳ್ಳು ಕೂಗಿದ ಮೇಲೆ ಹನ್ನೊಂದನೇ ಸಲ ಯಾರು ಓಡಿ ಬರುತ್ತಾರೆ? ಸಿಸ್ಟರ್‌ಗಳನ್ನು ಬೈದು ಪ್ರಯೋಜನ ಇಲ್ಲ. ಒಬ್ಬೊಬ್ಬರ ಕೈಕೆಳಗೆ ಎಷ್ಟು ಬೆಡ್ ಇರುತ್ತವೆ ಅಂತ ನಿಮಗೇ ಗೊತ್ತು. ಇದಕ್ಕೆ ಅಲಾರಂ ದಣಿವು ಅನ್ನುತ್ತಾರೆ. ಪ್ರಪಂಚದ ದೊಡ್ಡ ದೊಡ್ಡ ಆಸ್ಪತ್ರೆಗಳೂ ತಲೆಕೆಡಿಸಿಕೊಂಡಿರುವ ವಿಷಯ ಇದು. ನೀವು ಅದರ ಪಕ್ಕದಲ್ಲೇ ಎರಡು ವರ್ಷ ರಾತ್ರಿ ಪಾಳಿ ಮಾಡಿದ್ದೀರಿ. ಎರಡು ವರ್ಷ ಹೋಯಿತು ಅಂದಿರಲ್ಲ, ಹೋಗಿಲ್ಲ ತಂಗಿ.

ಇವತ್ತೇ ಒಂದು ನೋಟ್‌ಬುಕ್ ತಗೊಳ್ಳಿ. ಮೊದಲು ಐಸಿಯು ಇನ್‌ಚಾರ್ಜ್ ಅವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ನಿಮ್ಮ ಪಾಳಿಯಲ್ಲಿ ಅಲಾರಂ ಆದಾಗೆಲ್ಲ ಬರೆದಿಡಿ. ಎಷ್ಟು ಹೊತ್ತಿಗೆ, ಯಾವ ಅಲಾರಂ, ಹೋಗಿ ನೋಡಿದಾಗ ಕಂಡದ್ದೇನು, ಎಲೆಕ್ಟ್ರೋಡ್ ಅಂಟಿಸಿ ಎಷ್ಟು ಗಂಟೆ ಆಗಿತ್ತು. ರೋಗಿಯ ಹೆಸರು, ನಂಬರ್ ಯಾವುದೂ ಬೇಡ. ಒಂದು ತಿಂಗಳು ಬರೆಯಿರಿ. ಜೊತೆಗೆ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಫಿಸಿಯೋನೆಟ್ ಅನ್ನುವ ವೆಬ್‌ಸೈಟ್‌ನಿಂದ ಎಂಐಟಿ-ಬಿಐಎಚ್ ಅರಿದ್ಮಿಯಾ (ಹೃದಯ ಬಡಿತದ ಏರುಪೇರು) ದತ್ತಾಂಶ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. 47 ಜನರ 48 ಇಸಿಜಿ ರೆಕಾರ್ಡುಗಳು, ಒಂದೊಂದೂ ಅರ್ಧ ಗಂಟೆಯದು, ಪ್ರತಿ ಬಡಿತಕ್ಕೂ ತಿಳಿದವರೇ ಗುರುತು ಹಾಕಿದ್ದಾರೆ. ಪ್ಯಾನ್ ಮತ್ತು ಟಾಂಪ್ಕಿನ್ಸ್ 1985ರಲ್ಲಿ ಬರೆದ ವಿಧಾನದಲ್ಲಿ ಬಡಿತ ಗುರುತಿಸುವ ಪ್ರೋಗ್ರಾಂ ಪೈಥಾನ್‌ನಲ್ಲಿ ನೀವೇ ಬರೆಯಿರಿ. ನಕಲು ಮಾಡಬೇಡಿ. ಆಮೇಲೆ ಗೆರೆಗೆ ಬೇಕೆಂದೇ ಗದ್ದಲ ಸೇರಿಸಿ, ಪ್ರೋಗ್ರಾಂ ಎಲ್ಲಿ ಎಡವುತ್ತದೆ ನೋಡಿ. ನಿಮ್ಮ ಐಸಿಯು ಮಾನಿಟರಿನೊಳಗೆ ಏನು ನಡೆಯುತ್ತದೆ ಅಂತ ಆಗ ಗೊತ್ತಾಗುತ್ತದೆ. ಇಂಟರ್ವ್ಯೂನಲ್ಲಿ 'ಯಾಕೆ ಈ ಕೋರ್ಸ್?' ಅಂತ ಕೇಳಿದಾಗ ಆ ನೋಟ್‌ಬುಕ್ ಮುಂದಿಡಿ.

ಎಲ್ಲಿ ಓದಬೇಕು? ಕಾಲೇಜಿನ ಹೆಸರು ನೋಡುವ ಮೊದಲು ನಾನು ಒಂದು ವಿಷಯ ನೋಡುತ್ತೇನೆ. ಅಲ್ಲಿನ ಲ್ಯಾಬಿನಿಂದ ವಾರ್ಡಿಗೆ ಎಷ್ಟು ಹೆಜ್ಜೆ? ರೋಗಿಯನ್ನೇ ನೋಡದೆ ಎರಡು ವರ್ಷ ಬರೀ ಕಂಪ್ಯೂಟರಿನಲ್ಲಿ ಥೀಸಿಸ್ ಮುಗಿಸಿ ಬಂದವರನ್ನು ಕಂಡಿದ್ದೇನೆ. ಜಾಣ ಮಕ್ಕಳೇ. ಆದರೆ ಎಲೆಕ್ಟ್ರೋಡ್ ಅಂಟಿಸುವ ಮೊದಲು ಬೆವರು ಒರೆಸಬೇಕು ಅನ್ನುವುದು ಗೊತ್ತಿರುವುದಿಲ್ಲ. ಈ ಲೆಕ್ಕದಲ್ಲಿ ನಿಮಗೆ ನಾನು ಮೊದಲು ಹೇಳುವುದು ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಆಸ್ಪತ್ರೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮೂರೂ ಸೇರಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ಆಸ್ಪತ್ರೆಯೇ ಅಲ್ಲಿ ತರಗತಿ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಆದರೂ ಅರ್ಜಿ ಹಾಕಿ. ನಮ್ಮ ಮಣಿಪಾಲದಲ್ಲೂ ಎಂ.ಟೆಕ್ ಬಯೋಮೆಡಿಕಲ್ ಇದೆ, ಕಸ್ತೂರಬಾ ಆಸ್ಪತ್ರೆ ಅದೇ ಊರಲ್ಲಿದೆ. ಖಾಸಗಿ ಆದ್ದರಿಂದ ಶುಲ್ಕ ಮೊದಲೇ ವಿಚಾರಿಸಿ. ಐಐಟಿ ದೆಹಲಿಯ ಬಯೋಮೆಡಿಕಲ್ ಕೇಂದ್ರ ಏಮ್ಸ್ ಜೊತೆ ಸೇರಿ 1971ರಲ್ಲೇ ಶುರುವಾದದ್ದು. ಐಐಟಿ ಬಾಂಬೆ, ಹೈದರಾಬಾದ್‌ಗಳಲ್ಲೂ ಈ ಓದು ಇದೆ. ಯಾವುದಕ್ಕೇ ಹಾಕಿದರೂ ಅಲ್ಲಿ ಈಗ ಓದುತ್ತಿರುವ ಒಬ್ಬರನ್ನು ಹುಡುಕಿ ಕೇಳಿ: 'ಕಳೆದ ಸೆಮಿಸ್ಟರ್ ನೀವು ಎಷ್ಟು ದಿನ ಆಸ್ಪತ್ರೆಯೊಳಗೆ ಇದ್ರಿ?'

ಗೇಟ್‌ನಲ್ಲಿ ಬಯೋಮೆಡಿಕಲ್‌ಗೆ ಬೇರೆ ಪೇಪರ್ ಇದೆ, 2020ರಿಂದ ಶುರುವಾಯಿತು. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಯೋಗ್ಯತೆಯದು. ಸರ್ಕ್ಯೂಟ್, ಸಿಗ್ನಲ್ಸ್, ಸೆನ್ಸರ್, ಅಂಗರಚನೆ, ಇಮೇಜಿಂಗ್ ನೀವು ಬಿ.ಇ.ಯಲ್ಲೇ ಓದಿದ್ದೀರಿ. ಬಯೋಮೆಕಾನಿಕ್ಸ್, ಬಯೋಮೆಟೀರಿಯಲ್ಸ್ ಎರಡಕ್ಕೂ ಹೊಸದಾಗಿ ಕೂರಬೇಕಾಗಬಹುದು. ಪಾಳಿ ಕೆಲಸದ ಜೊತೆ ದಿನಕ್ಕೆ ಎರಡು ಗಂಟೆ ಸಿಕ್ಕರೂ ಆರು ತಿಂಗಳಲ್ಲಿ ಆಗುತ್ತದೆ. ಗಣಿತ ಬಿಟ್ಟು ಎರಡು ವರ್ಷ ಆಗಿದೆ ಅಲ್ವಾ, ಅದನ್ನೇ ಮೊದಲು ಹಿಡಿಯಿರಿ. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹಾಗಾಗಿ ಬಂದ ವರ್ಷವೇ ಸೇರಲು ಆಗದಿದ್ದರೆ ಕಂಗಾಲಾಗಬೇಡಿ. ನಮ್ಮ ರಾಜ್ಯದ ಕಾಲೇಜುಗಳ ಎಂ.ಟೆಕ್‌ಗೆ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ, ಅದನ್ನೂ ಬರೆದಿಡಿ.

ಗೇಟ್ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ನಿಮ್ಮ ಸಂಬಳಕ್ಕಿಂತ ತಿಂಗಳಿಗೆ 5,600 ಕಡಿಮೆ. ಎರಡು ವರ್ಷಕ್ಕೆ 1,34,400. ಕಳೆದುಕೊಳ್ಳುವ ಸಂಬಳ ಅಷ್ಟೇ, ಅದರ ಮೇಲೆ ಶುಲ್ಕ, ಹಾಸ್ಟೆಲ್. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಡಿ. ಅಂಗಡಿ ನಡೆಸುವವರು, ಅವರಿಗೆ ಮಾತಿಗಿಂತ ಲೆಕ್ಕ ಬೇಗ ಅರ್ಥವಾಗುತ್ತದೆ.

ಜರ್ಮನಿ ಲೆಕ್ಕ ಬೇರೆ. ಅಲ್ಲಿನ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊರದೇಶದ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ಹಾಕುತ್ತಿದೆ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ನಮ್ಮ ದುಡ್ಡಲ್ಲಿ ಹತ್ತು ಲಕ್ಷ ದಾಟುತ್ತದೆ. ಅದು ನಿಮ್ಮದೇ ದುಡ್ಡು, ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ಬರುತ್ತದೆ. ಆದರೂ ಮೊದಲು ಒಟ್ಟಿಗೆ ಹೊಂದಿಸಬೇಕಲ್ಲ. ನಮ್ಮ ಡಿಗ್ರಿ ಅಸಲಿ ಅಂತ ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರವೂ ಬೇಕು, 2022ರ ನವೆಂಬರಿನಿಂದ ಕಡ್ಡಾಯ. ಎರ್ಲಾಂಗೆನ್‌ನಂಥ ಊರಲ್ಲಿ ಮೆಡಿಕಲ್ ಎಂಜಿನಿಯರಿಂಗ್ ಓದುವುದು ಭಾಗ್ಯವೇ. ಸೀಮೆನ್ಸ್ ಕಂಪನಿಯ ಎಕ್ಸ್‌ರೇ, ಸ್ಕ್ಯಾನಿಂಗ್ ಯಂತ್ರಗಳ ಊರು ಅದು. ಆದರೆ ಅಲ್ಲಿ ಆಸ್ಪತ್ರೆಯೊಳಗೆ ಕಾಲಿಡಬೇಕಾದರೆ ಜರ್ಮನ್ ಭಾಷೆ ಬರಬೇಕು. ಸಿಸ್ಟರ್ ಹೇಳಿದ್ದು ಅರ್ಥವಾಗದೆ ಅಲಾರಂ ದಣಿವಿನ ಮೇಲೆ ಹೇಗೆ ಕೆಲಸ ಮಾಡುತ್ತೀರಿ? ಮನೆ ಅಡ ಇಟ್ಟು ಹೋಗುವುದಾದರೆ ನನ್ನ ಸಲಹೆ ಬೇಡ ಅಂತಲೇ. ತಮ್ಮನ ಓದೂ ಅದೇ ಅಂಗಡಿಯ ಮೇಲಿದೆ. ಮೊದಲು ಗೇಟ್ ಬರೆಯಿರಿ. ಜರ್ಮನಿ ಪಿಎಚ್.ಡಿ.ಗೆ ಕಾಯುತ್ತದೆ, ಅದಕ್ಕೆ ಅವರೇ ಸಂಬಳ ಕೊಡುವ ಹುದ್ದೆಗಳಿರುತ್ತವೆ.

ಓದಿ ಬಂದ ಮೇಲೆ ಬೆಂಗಳೂರಿನಲ್ಲೇ ಜಿಇ ಹೆಲ್ತ್‌ಕೇರ್, ಫಿಲಿಪ್ಸ್, ಸೀಮೆನ್ಸ್ ಹೆಲ್ತಿನಿಯರ್ಸ್ ಮೂರಕ್ಕೂ ಯಂತ್ರ ವಿನ್ಯಾಸದ ಕೇಂದ್ರಗಳಿವೆ. ಮೈಸೂರಿನಲ್ಲಿ ಆಸ್ಪತ್ರೆ ಯಂತ್ರ ತಯಾರಿಸುವ ಸ್ಕ್ಯಾನ್‌ರೇ ಇದೆ. 2020ರಲ್ಲಿ ಕೊರೋನಾ ಬಂದಾಗ ಬಿಇಎಲ್ 30,000 ವೆಂಟಿಲೇಟರ್ ಮಾಡಿತಲ್ಲ, ಅದರ ವಿನ್ಯಾಸಕ್ಕೆ ಕೈಜೋಡಿಸಿದ್ದು ಈ ಮೈಸೂರಿನವರೇ. ಆ ಸುದ್ದಿ ಓದಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ. ಇನ್ನೊಂದು ದಾರಿ ಇದೆ, ಬಹಳ ಮಕ್ಕಳಿಗೆ ಅದು ಕಾಣುವುದೇ ಇಲ್ಲ. 2018ರ ಜನವರಿಯಿಂದ ಮೆಡಿಕಲ್ ಡಿವೈಸಸ್ ರೂಲ್ಸ್ ಜಾರಿಯಲ್ಲಿದೆ. ಯಂತ್ರಗಳನ್ನು ಅಪಾಯದ ಲೆಕ್ಕದಲ್ಲಿ ಎ, ಬಿ, ಸಿ, ಡಿ ಅಂತ ವಿಂಗಡಿಸಿ ಲೈಸೆನ್ಸ್ ಕೊಡುತ್ತಾರೆ. ಹೊಸ ಯಂತ್ರ ಮಾಡುವ ಪ್ರತಿ ಕಂಪನಿಗೂ ಸುರಕ್ಷತೆ ಪರೀಕ್ಷಿಸಿ, ಅದನ್ನು ಅಚ್ಚುಕಟ್ಟಾಗಿ ಬರೆದುಕೊಡುವ ಎಂಜಿನಿಯರ್ ಬೇಕು. ಚೆಕ್‌ಲಿಸ್ಟ್ ಬೇಜಾರು ಅಂದಿರಿ. ಆ ಶಿಸ್ತೇ ಅಲ್ಲಿ ಬೇಕಾಗುವುದು.

ತಿಂಗಳಾದ ಮೇಲೆ ನೋಟ್‌ಬುಕ್‌ನಲ್ಲಿ ಏನು ಕಂಡಿತು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ಮೆಕಾನಿಕಲ್ ಮೂರನೇ ವರ್ಷ. ಪಿಯುಸಿಯಲ್ಲಿ ಬಯಾಲಜಿ ತಗೊಂಡಿರಲಿಲ್ಲ. ಬಯೋಮೆಡಿಕಲ್‌ನಲ್ಲಿ ಎಂ.ಟೆಕ್ ಮಾಡಬಹುದಾ?
– ವಿ., ಹುಬ್ಬಳ್ಳಿ

ಉತ್ತರ: ಖಂಡಿತ ಮಾಡಬಹುದು. ಮೆಕಾನಿಕಲ್‌ನವರನ್ನು ತೆಗೆದುಕೊಳ್ಳುವ ಕಡೆ ಬೇಕಾದಷ್ಟಿವೆ, ಆಯಾ ವರ್ಷದ ಅರ್ಹತೆ ಮಾತ್ರ ನೋಡಿಕೊಳ್ಳಿ. ಬಯಾಲಜಿ ಇಲ್ಲ ಅನ್ನುವ ಅಂಜಿಕೆ ಬಿಡಿ. ಶ್ರೀ ಚಿತ್ರಾ ಸಂಸ್ಥೆ ಮಾಡಿದ ಹೃದಯದ ಕೃತಕ ಕವಾಟದ (ವಾಲ್ವ್) ಕತೆ ಕೇಳಿ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಕವಾಟದ ಬಿಲ್ಲೆ ಅಷ್ಟೂ ಸಲ ತೆರೆದು ಮುಚ್ಚಬೇಕು, ವರ್ಷಗಟ್ಟಲೆ ಸವೆಯಬಾರದು, ಮುರಿಯಬಾರದು. ಇದು ಪೂರಾ ನಿಮ್ಮ ಮೆಕಾನಿಕಲ್‌ನವರ ಪ್ರಶ್ನೆ ಅಲ್ವಾ? ಡಾ. ಎಂ.ಎಸ್. ವಲಿಯಥಾನ್ ಅವರ ತಂಡದ ಮೊದಲ ಮೂರು ಮಾದರಿಗಳು ಸೋತವು. ಸಫೈರ್ ಬಿಲ್ಲೆಯನ್ನೂ ಹಾಕಿ ನೋಡಿದರು, ಅದು ಒಡೆಯಿತು. ಕೊನೆಗೆ ಗಟ್ಟಿ ಲೋಹದ ಚೌಕಟ್ಟಿಗೆ ವಿಶೇಷ ಪಾಲಿಎಥಿಲೀನ್ ಬಿಲ್ಲೆ ಕೂರಿಸಿದರು. ಪ್ಲಾಸ್ಟಿಕ್ಕಿನ ಜಾತಿಯದು! ಅದು ತಾಳಿತು. 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಯ ಎದೆಯೊಳಗೆ ಹಾಕಿದರು. ಹೊರದೇಶದ ಕವಾಟ ಕೊಳ್ಳಲಾಗದ ಎಷ್ಟೋ ಮನೆಗಳಿಗೆ ಅದು ಜೀವ ಕೊಟ್ಟಿದೆ. ವಲಿಯಥಾನ್ ಅವರು ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು.

ನೀವು ಸವೆತ, ವಸ್ತುಗಳ ದಣಿವು (ಫಟೀಗ್), ದ್ರವದ ಹರಿವು ಈ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ರಜೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಓದುವ ಅಂಗರಚನೆ, ಶರೀರಕ್ರಿಯೆಯ ಪುಸ್ತಕ ಒಂದನ್ನು ಪೂರ್ತಿ ಓದಿ. ಎಂ.ಬಿ.ಬಿ.ಎಸ್. ಪುಸ್ತಕ ಈಗಲೇ ಬೇಡ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಮೂಳೆಗೆ ಹಾಕುವ ಪ್ಲೇಟ್, ಸ್ಕ್ರೂ ತಗೊಳ್ಳಿ. ಮೂಳೆ ಡಾಕ್ಟರ್ ಒಬ್ಬರನ್ನು ಕೇಳಿದರೆ ತೆಗೆದುಹಾಕಿದ, ಚೆನ್ನಾಗಿ ಶುದ್ಧ ಮಾಡಿದ ಹಳೆ ಪ್ಲೇಟ್ ಕೊಡಬಹುದು. ಮುರಿದ ಪ್ಲೇಟ್ ಸಿಕ್ಕರಂತೂ ಬಿಡಬೇಡಿ. ಎಲ್ಲಿ ಮುರಿದಿದೆ, ಯಾವ ತೂತಿನ ಹತ್ತಿರ ಅಂತ ಲೆನ್ಸ್ ಹಿಡಿದು ನೋಡಿ.

ಪ್ರಶ್ನೆ: ಎಂ.ಬಿ.ಬಿ.ಎಸ್. ಮುಗಿಸಿದ್ದೇನೆ. ಎಂ.ಡಿ. ಬದಲು ಎಂಜಿನಿಯರಿಂಗ್ ಕಡೆ ಹೋಗುವ ದಾರಿ ಇದೆಯಾ?
– ಡಾ. ಆರ್., ಕಲಬುರಗಿ

ಉತ್ತರ: ಇದೆ ಡಾಕ್ಟರೇ. ಐಐಟಿ ಖರಗ್‌ಪುರದಲ್ಲಿ ವೈದ್ಯರಿಗೆ ಅಂತಲೇ ಮೂರು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ, ಎಂ.ಎಂ.ಎಸ್.ಟಿ. ಅನ್ನುತ್ತಾರೆ. ಒಂದು ವಿಷಯ ತಿಳಿದುಕೊಂಡೇ ಹೋಗಿ, ಅದು ಎಂ.ಡಿ.ಗೆ ಸಮ ಅಲ್ಲ. ಅದನ್ನು ಹಿಡಿದು ತಜ್ಞ ವೈದ್ಯರ ಹುದ್ದೆ ಕೇಳಲಾಗುವುದಿಲ್ಲ. ಸಂಶೋಧನೆ, ಹೊಸ ಯಂತ್ರ ಮಾಡುವ ಹುಮ್ಮಸ್ಸು ಇದ್ದರೆ ಮಾತ್ರ ಹೋಗಿ. ನಿಮ್ಮಂಥವರು ನಮಗೆ ತುಂಬಾ ಬೇಕು.

ಪ್ರಶ್ನೆ: ಮಗಳು ಬಯೋಮೆಡಿಕಲ್ ಎಂ.ಟೆಕ್ ಸೇರಬೇಕು ಅಂತ ಹಟ ಹಿಡಿದಿದ್ದಾಳೆ. ಆಸ್ಪತ್ರೆಯಲ್ಲಿ ಮೆಷಿನ್ ರಿಪೇರಿ ಮಾಡುವುದಕ್ಕೆ ಅಷ್ಟು ಓದಬೇಕಾ? ನೆಂಟರೆಲ್ಲ ಲ್ಯಾಬ್ ಟೆಕ್ನಿಷಿಯನ್ನಾ ಅಂತ ಕೇಳುತ್ತಾರೆ.
– ಒಬ್ಬ ತಾಯಿ, ಮದ್ದೂರು

ಉತ್ತರ: ಅಮ್ಮಾ, ಲ್ಯಾಬ್ ಟೆಕ್ನಿಷಿಯನ್ ರಕ್ತ, ಮೂತ್ರ ಪರೀಕ್ಷೆ ಮಾಡುವವರು. ಅವರಿಲ್ಲದೆ ಆಸ್ಪತ್ರೆ ಒಂದು ದಿನ ನಡೆಯುವುದಿಲ್ಲ. ನಿಮ್ಮ ಮಗಳ ಓದು ಬೇರೆ. ಬಿಪಿ ನೋಡುವ ಯಂತ್ರದಿಂದ ಹಿಡಿದು ಡಯಾಲಿಸಿಸ್, ಎಂಆರ್‌ಐವರೆಗೆ ಯಂತ್ರಗಳನ್ನು ರೂಪಿಸುವುದು, ಪರೀಕ್ಷಿಸುವುದು, ಸುರಕ್ಷಿತವಾಗಿ ಇಡುವುದು ಅವಳ ಕೆಲಸ. ರಿಪೇರಿಯೂ ಇದೆ. ಅದರಲ್ಲಿ ನಾಚಿಕೆ ಏನಿದೆ ಹೇಳಿ? ಆಪರೇಷನ್ ಥಿಯೇಟರಿನಲ್ಲಿ ಬಳಸುವ ಯಂತ್ರದಿಂದ ಕರೆಂಟು ಸೋರಿ ರೋಗಿಯ ಹೃದಯಕ್ಕೆ ತಲುಪಬಾರದು. ಹೃದಯಕ್ಕೆ ನೇರ ತಗಲುವ ಯಂತ್ರಗಳಲ್ಲಿ ಮಾಮೂಲಿ ಸ್ಥಿತಿಯಲ್ಲಿ ಇರಬಹುದಾದ ಸೋರಿಕೆಯ ಮಿತಿ 10 ಮೈಕ್ರೋಆಂಪಿಯರ್. ಕೈ ಇಟ್ಟರೆ ಜುಂ ಅನ್ನುವಷ್ಟೂ ಅಲ್ಲ ಅದು. ಅಷ್ಟು ಸಣ್ಣದನ್ನು ಅಳೆದು 'ಇದು ಸುರಕ್ಷಿತ' ಅಂತ ಸಹಿ ಹಾಕುವವಳು ನಿಮ್ಮ ಮಗಳಂಥವಳೇ.

ಸಂಬಳ ಶುರುವಿನಲ್ಲಿ ಸಾಫ್ಟ್‌ವೇರ್‌ನವರಷ್ಟು ಇರುವುದಿಲ್ಲ, ಅದನ್ನು ಮುಚ್ಚಿಡಲಾರೆ. ಮೇಲೆ ರಾಣೆಬೆನ್ನೂರಿನ ಹುಡುಗಿಗೆ ಬರೆದದ್ದನ್ನು ಅವಳ ಜೊತೆ ಕೂತು ಓದಿ. ಒಂದು ಭಾನುವಾರ ನಿಮ್ಮೂರಿನ ಡಯಾಲಿಸಿಸ್ ಕೇಂದ್ರಕ್ಕೆ ಇಬ್ಬರೂ ಹೋಗಿ, ಅನುಮತಿ ಕೇಳಿ ಹತ್ತು ನಿಮಿಷ ನಿಲ್ಲಿ. ಒಂದು ಯಂತ್ರದೊಳಗೆ ರಕ್ತ ಹೇಗೆ ಹೋಗಿ ಹೇಗೆ ಬರುತ್ತದೆ ಅಂತ ಮಗಳೇ ನಿಮಗೆ ತೋರಿಸಲಿ.